ಚಪ್ಪಟೆ ಪಾದದವರಿಗೆ ಓಟದ ಶೂ: ಹೆಜ್ಜೆ ಗುರುತು ನೋಡಿ ಕೊಳ್ಳಬೇಡಿ

ಚಿಕ್ಕಮಗಳೂರಿನ ಸುಭಾಷ್‌ಚಂದ್ರ ಬೋಸ್ ಆಟದ ಮೈದಾನದಲ್ಲಿ ಬೆಳಗಿನ ಹೊತ್ತು ಓಡುವವರು ಹೆಚ್ಚಾಗಿ ಎರಡು ಥರ. ಪೊಲೀಸ್ ಇಲ್ಲವೇ ಸೇನೆಯ ಭರ್ತಿಗೆ ತಯಾರಿ ನಡೆಸುವ ಹುಡುಗರು ಒಂದು ಕಡೆ. ಶುಗರ್, ಬಿಪಿ ಬಂದ ಮೇಲೆ ಓಟ ಶುರು ಮಾಡಿದ ನಡುವಯಸ್ಸಿನವರು ಇನ್ನೊಂದು ಕಡೆ. ಇಬ್ಬರ ಬಾಯಲ್ಲೂ ಒಂದು ಪ್ರಶ್ನೆ ಮಾತ್ರ ಒಂದೇ: "ನಂದು ಫ್ಲ್ಯಾಟ್ ಫೂಟ್, ಯಾವ ಶೂ ತಗೊಳ್ಳಲಿ?" ಹಾಸನದ ಮಹಾರಾಜ ಪಾರ್ಕಿನಲ್ಲಿ ಕೇಳಿದರೂ ಇದೇ. ಅದಕ್ಕೆ ಸಿಗುವ ಉತ್ತರವೂ ಎಲ್ಲ ಕಡೆ ಒಂದೇ: "ಸ್ಟೆಬಿಲಿಟಿ ಶೂ ತಗೋ, ಒಳಗೆ ಆರ್ಚ್ ಸಪೋರ್ಟ್ ಹಾಕ್ಕೋ, ಇಲ್ಲಾಂದ್ರೆ ಮಂಡಿ ಹೋಗುತ್ತೆ."

ಆರ್ಚ್ ಅಂದರೆ ಪಾದದ ಕಮಾನು. ಸ್ಟೆಬಿಲಿಟಿ ಶೂ ಅಂದರೆ ಪಾದ ತೀರಾ ಒಳಕ್ಕೆ ವಾಲದ ಹಾಗೆ ಆಧಾರ ಕೊಡುವ ಶೂ. ಈ ಉತ್ತರ ಪೂರ್ತಿ ಸುಳ್ಳಲ್ಲ. ಆದರೆ ಅದರೊಳಗಿನ ಹೆದರಿಕೆಗೆ ಆಧಾರ ಕಮ್ಮಿ. ಪಾದ ಚಪ್ಪಟೆ ಇದ್ದ ಮಾತ್ರಕ್ಕೆ ಅದು ಕಾಯಿಲೆ ಅಲ್ಲ. ನೋವಿಲ್ಲದೆ ಓಡುತ್ತಿರುವವರು ಆ ಒಂದೇ ಕಾರಣಕ್ಕೆ ಶೂ ಬದಲಿಸಬೇಕಿಲ್ಲ. ಮತ್ತೆ ಮತ್ತೆ ನೋವು ಕಾಡುವವರಿಗೆ ಸಪೋರ್ಟ್ ಇರುವ ಶೂ ನೆರವಾಗಬಹುದು. ನೀವು ಯಾವ ಗುಂಪಿನವರು ಅಂತ ತಿಳಿಯಬೇಕಾದರೆ ಮೊದಲು ಪಾದದ ಕೆಲಸ ಅರ್ಥವಾಗಬೇಕು.

ಪಾದದೊಳಗೆ ಏನಾಗುತ್ತದೆ

ಒಂದು ಪಾದದಲ್ಲಿ 26 ಮೂಳೆಗಳಿವೆ. ಒಳಬದಿಯಲ್ಲಿ, ಹಿಮ್ಮಡಿಯಿಂದ ಹೆಬ್ಬೆರಳ ಬುಡದವರೆಗೆ, ಅವು ಕಮಾನಾಗಿ ಜೋಡಣೆಯಾಗಿವೆ. ಆ ಕಮಾನನ್ನು ಹಿಡಿದು ನಿಲ್ಲಿಸಲು ಮೂಳೆಯಿಂದ ಮೂಳೆಗೆ ಕಟ್ಟಿದ ಲಿಗಮೆಂಟುಗಳಿವೆ, ಅಂಗಾಲಿನ ಉದ್ದಕ್ಕೂ ಹರಡಿದ ಪ್ಲಾಂಟರ್ ಫೇಶಿಯಾ ಎಂಬ ಗಟ್ಟಿ ಪಟ್ಟಿ ಇದೆ, ಸ್ನಾಯುಗಳಿವೆ. ಸ್ನಾಯುಗಳಲ್ಲಿ ಮುಖ್ಯವಾದದ್ದು ಟಿಬಿಯಾಲಿಸ್ ಪೋಸ್ಟೀರಿಯರ್. ಅದು ಮೀನಖಂಡದ ಆಳದಲ್ಲಿ ಹುಟ್ಟುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಅದರ ಸ್ನಾಯುರಜ್ಜು (ಟೆಂಡನ್) ಕಾಲಿನ ಒಳಗಂಟಿನ ಹಿಂದಿನಿಂದ ಇಳಿದು ಪಾದದ ಒಳಬದಿಯ ಮೂಳೆಗಳನ್ನು ಹಿಡಿದುಕೊಳ್ಳುತ್ತದೆ. ಚಪ್ಪಟೆ ಪಾದದ ಓಟಗಾರರಿಗೆ ನೋವು ಬಂದರೆ ಬಹಳ ಸಲ ಈ ದಾರಿಯಲ್ಲೇ ಬರುತ್ತದೆ.

ಓಡುವಾಗ ಹೆಚ್ಚಿನವರಿಗೆ ಹಿಮ್ಮಡಿಯ ಹೊರ ಅಂಚು ಮೊದಲು ನೆಲ ಮುಟ್ಟುತ್ತದೆ. ಆಮೇಲೆ ಪಾದ ಒಳಕ್ಕೆ ವಾಲುತ್ತದೆ, ಕಮಾನು ಸ್ವಲ್ಪ ತಗ್ಗುತ್ತದೆ, ಮೈಭಾರ ಹಂಚಿಹೋಗುತ್ತದೆ. ನೆಲ ಒದ್ದು ಮುಂದಕ್ಕೆ ಹೋಗುವ ಹೊತ್ತಿಗೆ ಕಮಾನು ಮತ್ತೆ ಏಳುತ್ತದೆ. ಹೀಗೆ ಒಳಕ್ಕೆ ವಾಲುವುದಕ್ಕೆ ಪ್ರೊನೇಶನ್ ಅಂತಾರೆ. ಅಂಗಡಿಗಳಲ್ಲಿ ಇದೊಂದು ದೋಷ ಅನ್ನೋ ಥರ ಮಾತಾಡುತ್ತಾರೆ. ನಿಜವಾಗಿ ಅದು ಎಲ್ಲರ ಪಾದವೂ ಮಾಡಬೇಕಾದ ಕೆಲಸ. ಚಪ್ಪಟೆ ಪಾದದವರಲ್ಲಿ ಕಮಾನು ಮೊದಲೇ ತಗ್ಗಿರುತ್ತದೆ. ಕೆಲವರ ಪಾದ ಇನ್ನಷ್ಟು ವಾಲುತ್ತದೆ, ಒಳಬದಿಯ ಸ್ನಾಯುಗಳಿಗೆ ದುಡಿಮೆ ಜಾಸ್ತಿಯಾಗುತ್ತದೆ. ಇನ್ನು ಕೆಲವರದು ಚಪ್ಪಟೆ ಇದ್ದೂ ಓಡುವಾಗ ಅಷ್ಟೇನೂ ವಾಲುವುದಿಲ್ಲ. ಅಂದರೆ ನಿಂತಾಗ ಕಾಣುವ ಆಕಾರ ನೋಡಿ ಓಡುವಾಗ ಏನಾಗುತ್ತೆ ಅಂತ ಹೇಳಲು ಬರುವುದಿಲ್ಲ.

ಎರಡು ಪರೀಕ್ಷೆ, ಎರಡರ ಬೆಲೆಯೂ ಒಂದೇ ಅಲ್ಲ

ಎಲ್ಲರಿಗೂ ಗೊತ್ತಿರುವುದು ಒದ್ದೆ ಕಾಲಿನ ಪರೀಕ್ಷೆ. ನಮ್ಮ ಕಡೆಯ ಹಳೇ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲ ಇದಕ್ಕೆ ಹೇಳಿ ಮಾಡಿಸಿದ್ದು. ಸ್ನಾನ ಮುಗಿಸಿ ಹೊರಬಂದರೆ ಹೆಜ್ಜೆ ಅಚ್ಚೊತ್ತಿದ ಹಾಗೆ ಮೂಡುತ್ತದೆ. ನಡುವೆ ಒಳಬದಿಯಲ್ಲಿ ಒಣ ಜಾಗ ಉಳಿದರೆ ಕಮಾನಿದೆ, ಪಾದ ಪೂರ್ತಿ ಒದ್ದೆಯಾಗಿ ಕಂಡರೆ ಚಪ್ಪಟೆ. ಆದರೆ ಅಂಗಾಲಿನಲ್ಲಿ ಮಾಂಸ ತುಂಬಿದವರಿಗೂ ಗುರುತು ಹಾಗೇ ಬರುತ್ತದೆ. ಕಮಾನು ಗಟ್ಟಿಯಾಗಿದೆಯಾ, ಮೆತ್ತಗಿದೆಯಾ ಅನ್ನೋದನ್ನು ನೀರು ಹೇಳುವುದಿಲ್ಲ.

ಎರಡನೇ ಪರೀಕ್ಷೆಯೇ ನಿಜಕ್ಕೂ ಬೇಕಾದ್ದು. ಗೋಡೆಗೆ ಬೆರಳು ತಾಗಿಸಿ, ಬರಿಗಾಲಲ್ಲಿ ನಿಂತು, ಎರಡೂ ಹಿಮ್ಮಡಿ ಎತ್ತಿ. ಹಿಂದೆ ಕೂತ ಒಬ್ಬರು ನೋಡಲಿ, ಇಲ್ಲಾಂದ್ರೆ ಮೊಬೈಲಲ್ಲಿ ವಿಡಿಯೋ ಮಾಡಿಸಿ. ಬೆರಳ ಮೇಲೆ ಎದ್ದಾಗ ಕಮಾನು ಮೂಡಿ, ಹಿಮ್ಮಡಿ ಸ್ವಲ್ಪ ಒಳಕ್ಕೆ ತಿರುಗಿದರೆ ನಿಮ್ಮದು ಮೆತ್ತನೆಯ ಚಪ್ಪಟೆ ಪಾದ. ಹೆಚ್ಚಿನವರದು ಇದೇ. ಎದ್ದು ನಿಂತರೂ ಕಮಾನು ಬರದೇ ಇದ್ದರೆ ಅದು ಬಿಗಿಯಾದ ಚಪ್ಪಟೆ ಪಾದ. ಅದು ಅಪರೂಪ, ಅದಕ್ಕೆ ಶೂ ಅಂಗಡಿಗಿಂತ ಮೊದಲು ಮೂಳೆ ಡಾಕ್ಟರನ್ನು ಕಾಣಬೇಕು. ಆಮೇಲೆ ಒಂದೊಂದೇ ಕಾಲಲ್ಲಿ ಹಿಮ್ಮಡಿ ಎತ್ತಿ ನೋಡಿ. ಒಂದು ಕಡೆ ಎತ್ತಲಾಗದೆ ಒಳಗಂಟಿನ ಹಿಂದೆ ನೋವು ಬಂದರೆ, ಆಗಲೇ ಹೇಳಿದ ಸ್ನಾಯುರಜ್ಜು ಸೋತಿರಬಹುದು. ಅದನ್ನು ಸುಮ್ನೆ ಬಿಡಬೇಡಿ.

ಭರ್ತಿಗೆ ಓಡುವ ಹುಡುಗರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಫ್ಲ್ಯಾಟ್ ಫೂಟ್ ಅಂದ ತಕ್ಷಣ ಎಲ್ಲ ಮುಗಿಯಿತು ಅಂದುಕೊಂಡು ಎಷ್ಟೋ ಹುಡುಗರು ಅರ್ಜಿಯನ್ನೇ ಹಾಕುವುದಿಲ್ಲ. ವಾಯುಪಡೆಯ ಅಧಿಕಾರಿ ಹುದ್ದೆಗಳ ವೈದ್ಯಕೀಯ ಮಾನದಂಡ ನೋಡಿ. ಬೆರಳ ಮೇಲೆ ನಿಂತಾಗ ಕಮಾನು ಮೂಡಬೇಕು, ಬೆರಳ ಮೇಲೆ ಚೆನ್ನಾಗಿ ಕುಣಿದು ಓಡಲು ಆಗಬೇಕು, ಪಾದ ಮೆತ್ತಗೆ, ನೋವಿಲ್ಲದೆ ಆಡಬೇಕು. ಇಷ್ಟಿದ್ದರೆ ಅಭ್ಯರ್ಥಿಯನ್ನು ಒಪ್ಪುತ್ತಾರೆ. ಬೇರೆ ಬೇರೆ ಹುದ್ದೆಗೆ ನಿಯಮ ಬೇರೆ ಇರುತ್ತದೆ. ಹಾಗಾಗಿ ನೀವು ಹಾಕುವ ಹುದ್ದೆಯ ಅಧಿಸೂಚನೆಯನ್ನೇ ಓದಿ, ಮೈದಾನದ ಮಾತು ನಂಬಬೇಡಿ. ಯಾವ ಶೂ ಹಾಕಿದರೂ ವೈದ್ಯಕೀಯ ಪರೀಕ್ಷೆಯಲ್ಲಿ ನಿಲ್ಲುವುದು ಬರಿಗಾಲಲ್ಲೇ ಅಲ್ವಾ? ಸ್ನಾಯು ಗಟ್ಟಿ ಮಾಡಿಕೊಳ್ಳುವುದೇ ಅಲ್ಲಿ ಉಪಯೋಗಕ್ಕೆ ಬರುವುದು.

ಸಂಶೋಧನೆ ಹೇಳುವುದೇನು

ಬಹಳ ವರ್ಷ ಶೂ ಕಂಪನಿಗಳು ಒಂದು ಸರಳ ಲೆಕ್ಕ ಹೇಳಿಕೊಟ್ಟವು. ಕಮಾನು ಎತ್ತರ ಇದ್ದರೆ ಮೆತ್ತನೆ ಶೂ, ಸಾಧಾರಣ ಇದ್ದರೆ ಸ್ಟೆಬಿಲಿಟಿ, ಚಪ್ಪಟೆ ಇದ್ದರೆ ವಾಲುವುದನ್ನು ಇನ್ನೂ ಬಿಗಿಯಾಗಿ ತಡೆಯುವ ಮೋಶನ್ ಕಂಟ್ರೋಲ್. ಇದನ್ನು ಅಮೆರಿಕದ ಸೇನೆ, ವಾಯುಪಡೆ ಮತ್ತು ಮರೀನ್ ಪಡೆಯ ತರಬೇತಿ ಶಿಬಿರಗಳಲ್ಲಿ ಒರೆಗೆ ಹಚ್ಚಿದರು. ಹೊಸದಾಗಿ ಸೇರಿದವರಲ್ಲಿ ಒಂದು ಗುಂಪಿಗೆ ಪಾದದ ಆಕಾರ ನೋಡಿ ಶೂ ಕೊಟ್ಟರು. ಇನ್ನೊಂದು ಗುಂಪಿಗೆ ಆಕಾರ ಏನೇ ಇರಲಿ, ಎಲ್ಲರಿಗೂ ಸ್ಟೆಬಿಲಿಟಿ ಶೂ. 2009-10ರಲ್ಲಿ ಬಂದ ವರದಿಗಳ ಪ್ರಕಾರ ಎರಡೂ ಗುಂಪಿನ ಗಾಯಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

2014ರಲ್ಲಿ ಡೆನ್ಮಾರ್ಕಿನ ಅಧ್ಯಯನ ಬಂತು. ಹೊಸದಾಗಿ ಓಟ ಶುರು ಮಾಡಿದ 927 ಜನಕ್ಕೆ ಯಾವ ಸಪೋರ್ಟೂ ಇಲ್ಲದ ನ್ಯೂಟ್ರಲ್ ಶೂ ಕೊಟ್ಟು ಒಂದು ವರ್ಷ ನೋಡಿದರು. ಪಾದ ಒಳಕ್ಕೆ ವಾಲುವವರಿಗೆ ಗಾಯ ಜಾಸ್ತಿ ಆಗಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿ "ಸಪೋರ್ಟ್ ಶೂ ಎಲ್ಲಾ ವ್ಯಾಪಾರ" ಅನ್ನುವವರಿದ್ದಾರೆ. ಅದು ಅವಸರ. 2016ರಲ್ಲಿ ಲಕ್ಸೆಂಬರ್ಗಿನಲ್ಲಿ 372 ಓಟಗಾರರಿಗೆ ಹೊರಗಿನಿಂದ ಒಂದೇ ಥರ ಕಾಣುವ ಶೂ ಕೊಟ್ಟರು. ಅರ್ಧ ಜನರ ಶೂನಲ್ಲಿ ಒಳಬದಿಗೆ ಸಪೋರ್ಟ್ ಇತ್ತು, ಉಳಿದವರದ್ದರಲ್ಲಿ ಇರಲಿಲ್ಲ. ಆರು ತಿಂಗಳಲ್ಲಿ ಸಪೋರ್ಟ್ ಇದ್ದವರಿಗೆ ಗಾಯ ಕಮ್ಮಿ ಆಯಿತು. ಲಾಭ ಎದ್ದು ಕಂಡದ್ದು ಪಾದ ಒಳಕ್ಕೆ ವಾಲುವವರಲ್ಲಿ.

ಹಾಗಾದರೆ ಯಾವುದನ್ನು ನಂಬುವುದು? ಈ ಮೂರೂ ಒಂದನ್ನೊಂದು ಸುಳ್ಳು ಮಾಡುತ್ತಿಲ್ಲ ಅಂತ ನನ್ನ ಅಭಿಪ್ರಾಯ. ಪಾದದ ಆಕಾರ ನೋಡಿ ಶೂ ಹಂಚಿದರೆ ಉಪಯೋಗವಿಲ್ಲ ಅಂತ ಸೇನೆಯ ಅಧ್ಯಯನ ಹೇಳುತ್ತದೆ. ವಾಲುವ ಪಾದವಿದ್ದೂ ಸಾಧಾರಣ ಶೂನಲ್ಲಿ ಓಟ ಶುರು ಮಾಡಬಹುದು ಅಂತ ಡೆನ್ಮಾರ್ಕಿನದು ಹೇಳುತ್ತದೆ. ಸಪೋರ್ಟ್ ಕೆಲವರಿಗೆ ನಿಜಕ್ಕೂ ಒಳ್ಳೆಯದು ಅಂತ ಲಕ್ಸೆಂಬರ್ಗಿನದು ಹೇಳುತ್ತದೆ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೊ ನಿಗ್ ಮತ್ತವರ ಜೊತೆಗಾರರು 2015ರಲ್ಲಿ ಇನ್ನೊಂದು ವಿಚಾರ ಮುಂದಿಟ್ಟರು. ಪ್ರತಿಯೊಬ್ಬರ ಕಾಲಿಗೂ ತನ್ನದೇ ಒಂದು ಚಲನೆಯ ದಾರಿ ಇದೆ, ಅದಕ್ಕೆ ಅಡ್ಡಿ ಮಾಡದ ಶೂ ಹಾಕಿದಾಗ ಹಾಯೆನಿಸುತ್ತದೆ, ಆ ಹಾಯನ್ನೇ ಆಯ್ಕೆಯ ಜರಡಿ ಮಾಡಿಕೊಳ್ಳಿ ಅಂತ. ಅಂಗಡಿಯಲ್ಲಿ ಹಾಕಿ ಓಡಿದಾಗ ಹಿತವಾಗದ ಶೂ ಮುಂದೆ ಪಳಗುತ್ತದೆ ಅಂತ ಕಾಯಬೇಡಿ.

ಅಂಗಡಿಯಲ್ಲಿ ಕೈಗೆ ತಗೊಂಡಾಗ

ಸಪೋರ್ಟ್ ಅಂದರೆ ಅಂಗಾಲಿಗೆ ಒತ್ತುವ ಉಬ್ಬು ಅಂತ ಅನೇಕರ ನಂಬಿಕೆ. ಅದಲ್ಲ. ಹಳೇ ಕಾಲದ ಸ್ಟೆಬಿಲಿಟಿ ಶೂನ ಮಿಡ್‌ಸೋಲನ್ನು, ಅಂದರೆ ಅಡಿಯ ದಪ್ಪ ಫೋಮನ್ನು, ಹೆಬ್ಬೆರಳಿಂದ ಒತ್ತಿ ನೋಡಿ. ಹೊರಬದಿ ಒಳಕ್ಕೆ ಹೋಗುತ್ತದೆ, ಒಳಬದಿ ಗಟ್ಟಿಯಾಗಿ ನಿಲ್ಲುತ್ತದೆ. ಆ ಗಟ್ಟಿ ತುಂಡಿನ ಬಣ್ಣವೂ ಬಹಳ ಸಲ ಬೇರೆ, ಬೂದು. ಅದೇ ಮೀಡಿಯಲ್ ಪೋಸ್ಟ್. ಈಗಿನ ಮಾಡೆಲುಗಳಲ್ಲಿ ಅದು ಕಮ್ಮಿಯಾಗುತ್ತಿದೆ. ಬ್ರೂಕ್ಸ್‌ನ ಅಡ್ರಿನಲಿನ್ ಜಿಟಿಎಸ್‌ನಲ್ಲಿ ಹಿಮ್ಮಡಿಯ ಎರಡೂ ಬದಿ ಗೈಡ್‌ರೇಲ್ ಅನ್ನುವ ತಡೆ ಇದೆ. 1993ರಿಂದ ಬರುತ್ತಿರುವ ಆಸಿಕ್ಸ್ ಜೆಲ್-ಕಯಾನೊ 2023ರ ಮಾಡೆಲಿನಲ್ಲಿ ಗಟ್ಟಿ ತುಂಡು ಬಿಟ್ಟು, ಅಗಲವಾದ ತಳ ಮತ್ತು ಬೇರೆ ಥರದ ಫೋಮಿಗೆ ಬಂತು. ಹೋಕಾ ಅರಾಹಿಯ ಹಿಂದಿನ ಮಾಡೆಲುಗಳಲ್ಲಿ ಇಂಗ್ಲಿಷಿನ ಜೆ ಆಕಾರದ ಗಟ್ಟಿ ಫೋಮ್ ಹಿಮ್ಮಡಿಯನ್ನು ಬಳಸಿ ಬರುತ್ತಿತ್ತು. ಸಾಕೋನಿ ಗೈಡ್, ನ್ಯೂ ಬ್ಯಾಲೆನ್ಸ್ 860, ಆಸಿಕ್ಸ್ ಜಿಟಿ-2000 ಕೂಡ ಇದೇ ಸಾಲಿನವು. ಹೊಸ ಮಾಡೆಲ್ ಬಂದಾಗ ಹಿಂದಿನದರ ಬೆಲೆ ಇಳಿಯುತ್ತದೆ. ಹಿಂದಿನದು ಕಾಲಿಗೆ ಹಿಡಿಸಿದರೆ ಧಾರಾಳವಾಗಿ ಅದನ್ನೇ ತಗೊಳ್ಳಿ.

ನಮ್ಮೂರ ಅಂಗಡಿಗಳಲ್ಲಿ ಈ ಮಾಡೆಲುಗಳೆಲ್ಲ ಸಿಗುವುದಿಲ್ಲ. ಸಿಗುವ ಶೂನಲ್ಲೇ ಮೂರು ವಿಷಯ ನೋಡಬಹುದು. ಹಿಮ್ಮಡಿಯ ಹಿಂದಿನ ಗೋಡೆಯನ್ನು ಎರಡು ಬೆರಳಲ್ಲಿ ಅದುಮಿ, ಅದು ಕುಸಿಯಬಾರದು. ಶೂನ ಎರಡೂ ತುದಿ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ, ಸಲೀಸಾಗಿ ಸುತ್ತಿಕೊಂಡರೆ ವಾಪಸ್ ಇಡಿ. ಮುಂಭಾಗವನ್ನು ಮೇಲಕ್ಕೆ ಬಗ್ಗಿಸಿ, ಬೆರಳುಗಳ ಬುಡದಲ್ಲಿ ಬಗ್ಗಬೇಕು, ನಡುವಿನಲ್ಲಿ ಮಡಿಸಿಕೊಳ್ಳಬಾರದು. ಮೆಮೊರಿ ಫೋಮ್ ಅಂತ ಮಾರುವ ಅಗ್ಗದ ಶೂಗಳಲ್ಲಿ ಎಷ್ಟೋ ಇಲ್ಲೇ ಸೋಲುತ್ತವೆ. ಕಾಲಿಟ್ಟ ಕೂಡಲೇ ಹಿತ, ಒಳಗೆ ಆಧಾರ ಏನೂ ಇಲ್ಲ.

ಇನ್ನು ಅಳತೆ. ನನ್ನ ಪ್ರಕಾರ ಸಪೋರ್ಟಿಗಿಂತ ದೊಡ್ಡ ವಿಷಯ ಇದು. ಚಪ್ಪಟೆ ಪಾದ ಭಾರ ಬಿದ್ದಾಗ ಉದ್ದಕ್ಕೂ ಅಗಲಕ್ಕೂ ಹರಡುತ್ತದೆ. ಕೂತುಕೊಂಡು ಅಳೆದ ಸೈಜು ಓಡುವಾಗ ಸಾಲುವುದಿಲ್ಲ. ಶೂ ಒಳಗಿನ ಇನ್‌ಸೋಲ್ ಹೊರಗೆ ತೆಗೆದು ನೆಲದ ಮೇಲಿಡಿ. ಹಿಮ್ಮಡಿ ಸರಿಯಾಗಿ ಕೂರಿಸಿ ಅದರ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲಿ. ಪಾದದ ಬದಿ ಇನ್‌ಸೋಲಿನಿಂದ ಆಚೆ ಚೆಲ್ಲಿದರೆ ಆ ಶೂ ಎಷ್ಟೇ ಒಳ್ಳೆಯದಾದರೂ ನಿಮಗೆ ಇಕ್ಕಟ್ಟು. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಬೇಕು. ಉದ್ದ ಸರಿಯಿದ್ದು ಅಗಲ ಸಾಲದಿದ್ದರೆ ಒಂದು ನಂಬರ್ ಮೇಲೆ ಹೋಗಬೇಡಿ, ಅದೇ ನಂಬರಿನಲ್ಲಿ ವೈಡ್ ಕೇಳಿ. ಗಂಡಸರ ಶೂನಲ್ಲಿ ಅದಕ್ಕೆ 2ಇ ಅಂತ ಬರೆದಿರುತ್ತದೆ, ಇನ್ನೂ ಅಗಲಕ್ಕೆ 4ಇ. ಹೆಂಗಸರ ಶೂನಲ್ಲಿ ಡಿ ಅಂದರೆ ವೈಡ್. ಸಂಜೆ ಹೋಗಿ, ಆಗ ಕಾಲು ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಸಾಕ್ಸನ್ನೇ ತಗೊಂಡು ಹೋಗಿ.

ಮುಂದೆ ಅಗಲ ಸರಿಯಾದರೆ ಹಿಂದೆ ಹಿಮ್ಮಡಿ ಜಾರುವುದು ಈ ಪಾದದವರ ಇನ್ನೊಂದು ಗೋಳು. ಲೇಸ್ ಹಾಕುವ ಸಾಲಿನಲ್ಲಿ ಎಲ್ಲಕ್ಕಿಂತ ಮೇಲೆ, ಸ್ವಲ್ಪ ಹಿಂದಕ್ಕೆ, ಖಾಲಿ ಬಿಟ್ಟಿರುವ ಒಂದು ತೂತು ಇರುತ್ತದೆ. ಅದು ಇರುವುದೇ ಇದಕ್ಕೆ. ಲೇಸನ್ನು ಅದೇ ಬದಿಯ ಈ ತೂತಿಗೆ ತೂರಿಸಿ ಸಣ್ಣ ಕುಣಿಕೆ ಬಿಡಿ. ಇನ್ನೊಂದು ಬದಿಯಲ್ಲೂ ಹಾಗೇ ಮಾಡಿ. ಲೇಸಿನ ತುದಿಗಳನ್ನು ಎದುರು ಬದಿಯ ಕುಣಿಕೆಯೊಳಗೆ ತೂರಿಸಿ ಕೆಳಮುಖವಾಗಿ ಎಳೆದು ಕಟ್ಟಿ. ಹಿಮ್ಮಡಿ ಕೂತುಬಿಡುತ್ತದೆ. ಎಷ್ಟೋ ಜನ ಹಿಮ್ಮಡಿ ಜಾರಿತು ಅಂತ ಶೂ ವಾಪಸ್ ಮಾಡುತ್ತಾರೆ, ಬೇಕಾದ್ದು ಈ ಗಂಟು ಮಾತ್ರ.

ಆನ್‌ಲೈನಿನಲ್ಲಿ ತರಿಸಿದರೆ ಮೊದಲು ಮನೆಯೊಳಗೇ ಹಾಕಿ ಓಡಾಡಿ. ತಳ ಮಣ್ಣಾಗದಿದ್ದರೆ ವಾಪಸ್ ಮಾಡುವ ದಾರಿ ತೆರೆದಿರುತ್ತದೆ. ಕಮಾನಿನ ಕೆಳಗೆ ಏನೋ ಒತ್ತಿದ ಹಾಗೆ ಅನಿಸಿದರೆ ಓಡುವಾಗ ಅಲ್ಲೇ ಬೊಬ್ಬೆ ಏಳುವುದು ಖಂಡಿತ.

ಇನ್‌ಸೋಲ್ ಬೇಕಾ?

ಮೆಡಿಕಲ್ ಶಾಪಿನ ಸಿದ್ಧ ಇನ್‌ಸೋಲ್ ಕೆಲವರಿಗೆ ನೋವು ಇಳಿಸುತ್ತದೆ. ಅದನ್ನು ಹಾಕುವಾಗ ಶೂ ಜೊತೆ ಬಂದದ್ದನ್ನು ತೆಗೆಯಬೇಕು, ಎರಡೂ ಒಟ್ಟಿಗೆ ತುರುಕಬಾರದು. ಸ್ಟೆಬಿಲಿಟಿ ಶೂ ಒಳಗೆ ಗಟ್ಟಿ ಪ್ಲಾಸ್ಟಿಕ್ ಇನ್‌ಸೋಲ್ ಹಾಕಿದರೆ ಪಾದವನ್ನು ಎರಡು ಸಲ ಹೊರಕ್ಕೆ ತಳ್ಳಿದಂತಾಗುತ್ತದೆ. ಇನ್‌ಸೋಲ್ ಇದ್ದರೆ ನ್ಯೂಟ್ರಲ್ ಶೂ ಸಾಕು. ಅಳತೆ ಕೊಟ್ಟು ಮಾಡಿಸುವ ದುಬಾರಿ ಇನ್‌ಸೋಲ್ ನೋವಿಲ್ಲದವರಿಗೆ ಬೇಡ.

ಮಕ್ಕಳ ವಿಷಯದಲ್ಲಿ ಇನ್ನೂ ಗಟ್ಟಿಯಾಗಿ ಹೇಳಬೇಕು. ಪುಟ್ಟ ಮಕ್ಕಳ ಪಾದ ಚಪ್ಪಟೆಯಾಗಿ ಕಾಣುವುದು ಸಹಜ, ಬೆಳೆಯುತ್ತಾ ಕಮಾನು ಮೂಡುತ್ತದೆ. 1992ರಲ್ಲಿ ನಮ್ಮ ಕರಾವಳಿಯ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವೈದ್ಯರಾದ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆ ಗುರುತು ಪರೀಕ್ಷಿಸಿ ಪ್ರಕಟಿಸಿದರು. ಚಪ್ಪಲಿ, ಶೂ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ 8.6. ಬರಿಗಾಲ ಮಕ್ಕಳಲ್ಲಿ ಶೇ 2.8. ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ಬೆರಳು ಮುಚ್ಚುವ ಶೂ ಹಾಕುವವರಲ್ಲಿ. ಹಾಗಾಗಿ ಮಗುವಿಗೆ ನೋವಿಲ್ಲದಿದ್ದರೆ ಆರ್ಚ್ ಶೂ ಹುಡುಕುವ ಬದಲು ಅಂಗಳದಲ್ಲಿ ಬರಿಗಾಲಲ್ಲಿ ಆಡಲು ಬಿಡಿ. ಜಗತ್ತಿನಾದ್ಯಂತ ಉಲ್ಲೇಖಿಸುವ ಈ ಅಧ್ಯಯನ ನಮ್ಮ ಕರ್ನಾಟಕದ್ದು ಅನ್ನೋದು ನನಗೆ ಹೆಮ್ಮೆ.

ನಮ್ಮ ರಸ್ತೆ, ನಮ್ಮ ಮಳೆ

ಶೂ ಬಗ್ಗೆ ಸಿಗುವ ಸಲಹೆಯೆಲ್ಲ ಸಪಾಟು ರಸ್ತೆಯ ಊರಿಗೆ ಬರೆದದ್ದು. ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಹತ್ತುವ ರಸ್ತೆಯೇ ಬೇರೆ. ಹತ್ತುವಾಗ ದಮ್ಮು ಕಟ್ಟುತ್ತದೆ, ಪಾದಕ್ಕೆ ಏಟು ಬೀಳುವುದು ಇಳಿಯುವಾಗ. ಪ್ರತಿ ಹೆಜ್ಜೆಗೂ ವೇಗ ತಡೆಯಬೇಕು, ಒಳಬದಿಯ ಸ್ನಾಯು ಅಲ್ಲೇ ದಣಿಯುತ್ತದೆ. ಹೊಸ ಶೂ ಹಾಕಿದ ವಾರಗಳಲ್ಲಿ ಉದ್ದದ ಇಳಿಜಾರು ಬೇಡ.

ಇನ್ನೊಂದು ಸಂಗತಿ ಅಷ್ಟಾಗಿ ಯಾರೂ ಗಮನಿಸುವುದಿಲ್ಲ. ಮಳೆನೀರು ಹರಿಯಲಿ ಅಂತ ನಮ್ಮ ರಸ್ತೆಗಳು ನಡುವಿನಿಂದ ಅಂಚಿಗೆ ಇಳಿಜಾರಾಗಿವೆ. ಎದುರಿನ ವಾಹನ ಕಾಣಲಿ ಅಂತ ನಾವು ಬಲಬದಿಯಲ್ಲಿ ಓಡುತ್ತೇವೆ. ಆಗ ಎಡಗಾಲು ಯಾವಾಗಲೂ ಎತ್ತರದ ಕಡೆ ಬೀಳುತ್ತದೆ, ಅದು ಇನ್ನಷ್ಟು ಒಳಕ್ಕೆ ವಾಲುತ್ತದೆ. ಎಡಗಾಲಿನ ಒಳಬದಿ ಮಾತ್ರ ನೋಯುತ್ತಿದ್ದರೆ ಶೂ ಬೈಯುವ ಮೊದಲು ಕೆಲವು ದಿನ ಮೈದಾನದಲ್ಲಿ ಓಡಿ ನೋಡಿ.

ತೋಟದ ಮಣ್ಣಿನ ದಾರಿಗೆ ಟ್ರೇಲ್ ಶೂ ಬೇಕು. ಅವುಗಳಲ್ಲಿ ಸ್ಟೆಬಿಲಿಟಿ ಮಾಡೆಲ್ ಕಮ್ಮಿ. ತಳ ಅಗಲವಾಗಿದ್ದು, ಫೋಮ್ ತೀರಾ ಮೆತ್ತಗಿಲ್ಲದಿದ್ದರೆ ಸಾಕು. ಜಾರುವ ಕೆಮ್ಮಣ್ಣಿಗೆ ಅಡಿಯ ಹಲ್ಲುಗಳು 4-5 ಮಿಲಿಮೀಟರ್ ಇರಲಿ.

ಆಷಾಢದಲ್ಲಿ ಒಂದು ಜೊತೆ ಶೂ ಇಟ್ಟುಕೊಂಡು ಓಡುವುದು ಕಷ್ಟ. ಇನ್‌ಸೋಲ್ ತೆಗೆದು, ಒಳಗೆ ಹಳೇ ಪೇಪರ್ ತುರುಕಿ, ಫ್ಯಾನ್ ಕೆಳಗಿಡಿ. ಬಚ್ಚಲ ಒಲೆಯ ಪಕ್ಕ ಇಟ್ಟರೆ ಅಂಟು ಬಿಡುತ್ತದೆ, ಫೋಮ್ ಹಾಳಾಗುತ್ತದೆ. ಎರಡು ಜೊತೆ ಬದಲಿಸಿ ಹಾಕುವುದಕ್ಕೆ ಇನ್ನೊಂದು ಕಾರಣವೂ ಇದೆ. ಲಕ್ಸೆಂಬರ್ಗಿನದೇ ಇನ್ನೊಂದು ಅಧ್ಯಯನದಲ್ಲಿ 264 ಓಟಗಾರರನ್ನು 22 ವಾರ ಗಮನಿಸಿದಾಗ, ಒಂದಕ್ಕಿಂತ ಹೆಚ್ಚು ಶೂ ಬದಲಿಸಿ ಓಡುವವರಿಗೆ ಗಾಯದ ಅಪಾಯ ಶೇ 39ರಷ್ಟು ಕಮ್ಮಿ ಇತ್ತು. ಒಂದು ಸ್ಟೆಬಿಲಿಟಿ, ಒಂದು ನ್ಯೂಟ್ರಲ್ ಇಟ್ಟುಕೊಂಡರೂ ಆಗುತ್ತದೆ.

ಶೂ ಮಾಡಲಾಗದ ಕೆಲಸ

ಹಿಮ್ಮಡಿಗಳ ನಡುವೆ ಒಂದು ಟೆನಿಸ್ ಬಾಲ್ ಇಟ್ಟು, ಅದು ಬೀಳದ ಹಾಗೆ ಒತ್ತಿಕೊಂಡು ನಿಧಾನಕ್ಕೆ ಬೆರಳ ಮೇಲೆ ಏಳಿ, ನಿಧಾನಕ್ಕೆ ಇಳಿಯಿರಿ. ಒಳಬದಿಯ ಆ ಸ್ನಾಯುವಿಗೆ ಇದಕ್ಕಿಂತ ನೇರವಾದ ಕಸರತ್ತು ಕಮ್ಮಿ. ಸಲೀಸಾದ ಮೇಲೆ ಒಂದೇ ಕಾಲಲ್ಲಿ ಮಾಡಿ. ಇನ್ನೊಂದು, ಬೆರಳು ಮಡಿಸದೆ, ಹೆಬ್ಬೆರಳ ಬುಡವನ್ನು ಹಿಮ್ಮಡಿಯ ಕಡೆ ಎಳೆದು ಕಮಾನು ಎತ್ತುವುದು. ಮೊದಲು ಏನೂ ಆಗುತ್ತಿಲ್ಲ ಅನಿಸುತ್ತದೆ. ಬಿಡದೆ ಮಾಡುತ್ತಾ ಹೋದರೆ ಸ್ನಾಯು ಬಿಗಿಯಾಗುವುದು ಕಣ್ಣಿಗೇ ಕಾಣುತ್ತದೆ.

ಒಂದೇ ಪಾದ ಇತ್ತೀಚೆಗೆ ಚಪ್ಪಟೆಯಾಗುತ್ತಿದ್ದರೆ, ಒಳಗಂಟಿನ ಹಿಂದೆ ಊತ ಇದ್ದರೆ, ಶುಗರ್ ಇದ್ದು ಪಾದ ಜೋಮು ಹಿಡಿಯುತ್ತಿದ್ದರೆ ಓಟ ನಿಲ್ಲಿಸಿ ಮೂಳೆ ವಿಭಾಗಕ್ಕೆ ಹೋಗಿ. ಹಾಸನದವರಿಗೆ ಹಿಮ್ಸ್, ಅಂದರೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಹತ್ತಿರವೇ ಇದೆ.

ಇನ್ನು ಶೂ ಯಾವಾಗ ಬದಲಿಸಬೇಕು? 500ರಿಂದ 800 ಕಿಲೋಮೀಟರ್ ಅನ್ನುವುದು ರೂಢಿಯ ಲೆಕ್ಕ. ಅಡಿಯ ರಬ್ಬರ್ ಹಿಮ್ಮಡಿಯ ಹೊರ ಅಂಚಿನಲ್ಲಿ ಸವೆದಿದ್ದರೆ ಗಾಬರಿ ಬೇಡ, ಹೆಚ್ಚಿನವರದು ಅಲ್ಲೇ ಸವೆಯುತ್ತದೆ. ನೋಡಬೇಕಾದ್ದು ಫೋಮನ್ನು. ಎರಡೂ ಶೂಗಳನ್ನು ಸಪಾಟಾದ ಮೇಜಿನ ಮೇಲಿಟ್ಟು, ಕಣ್ಣನ್ನು ಅದೇ ಮಟ್ಟಕ್ಕೆ ತಂದು ಹಿಂದಿನಿಂದ ನೋಡಿ. ಹಿಮ್ಮಡಿ ನೆಟ್ಟಗೆ ನಿಂತಿದ್ದರೆ ಇನ್ನೂ ಓಡಬಹುದು. ಒಳಕ್ಕೆ ಓರೆಯಾಗಿದ್ದರೆ, ಒಳಬದಿಯ ಫೋಮಿನಲ್ಲಿ ನೆರಿಗೆ ಬಿದ್ದಿದ್ದರೆ, ಮೇಲೆ ಎಷ್ಟೇ ಹೊಸದಾಗಿ ಕಂಡರೂ ಅದನ್ನು ತೋಟದ ಕೆಲಸಕ್ಕೆ ಇಟ್ಟುಕೊಳ್ಳಿ. ಹೊಸದು ಬಂದ ಮೇಲೂ ಒಮ್ಮೆಲೇ ಬದಲಾಯಿಸಬೇಡಿ. ಮೊದಲೆರಡು ವಾರ ಚಿಕ್ಕ ಓಟಗಳಿಗೆ ಮಾತ್ರ ಹಾಕಿ, ಉದ್ದದ ಓಟವನ್ನು ಆಮೇಲೆ ಅದಕ್ಕೆ ಬಿಡಿ.